ಇರುವುದೇ ಒಂದು ಚಿತ್ರ, ಅದನ್ನೂ ಅಳಿಸಿದರೆ?

ತರೀಕೆರೆಯಿಂದ ಹತ್ತು ಕಿಲೊಮೀಟರ್ ದೂರದ ಅಮೃತಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಇಮ್ಮಡಿ ವೀರಬಲ್ಲಾಳನ ಕಾಲದ ಗುಡಿ. ಅಲ್ಲಿಯ ಶಾಸನದ ಪದ್ಯಗಳನ್ನು ಬರೆದವನು ಜನ್ನ. ಅದರ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಶಿಲ್ಪಫಲಕಗಳಿವೆ. ದಕ್ಷಿಣದ ಗೋಡೆಯ 70ರಲ್ಲಿ ರಾಮಾಯಣ, ಉತ್ತರದ ಗೋಡೆಯ 25ರಲ್ಲಿ ಕೃಷ್ಣನ ಕಥೆ, ಮಿಕ್ಕ 45ರಲ್ಲಿ ಮಹಾಭಾರತ. ರಾಮಾಯಣದ ಫಲಕಗಳು ಅಪ್ರದಕ್ಷಿಣವಾಗಿ ಸಾಗುತ್ತವೆ, ಹೊಯ್ಸಳರ ಗುಡಿಗಳಲ್ಲಿ ಇದು ಅಪರೂಪ. ಈ 140ನ್ನೂ ಯಾರೋ ಒಬ್ಬರು ಒಂದೊಂದಾಗಿ ಫೋಟೊ ತೆಗೆದು, ಮುಕ್ತ ಪರವಾನಗಿ ಕೊಟ್ಟು, ವಿಕಿಮೀಡಿಯ ಕಾಮನ್ಸ್ ಎಂಬ ಜಾಲತಾಣದ ಚಿತ್ರಭಂಡಾರಕ್ಕೆ ಸೇರಿಸಿದರು ಎನ್ನಿ. ಜಗತ್ತಿನ ಇನ್ನಾವುದೋ ಮೂಲೆಯಲ್ಲಿ ಕೂತು, ಅಂದು ಬಂದ ಸಾವಿರಾರು ಚಿತ್ರಗಳನ್ನು ಸೋಸುತ್ತಿರುವ ಸ್ವಯಂಸೇವಕನ ಕಣ್ಣಿಗೆ ಅವು ಹೆಬ್ಬೆರಳಗಲದ, ಬೂದುಬಣ್ಣದ, ಒಂದರಂತೆ ಇನ್ನೊಂದು ಕಾಣುವ ಚೌಕಗಳು. ಒಂದೇ ಗೋಡೆಯ ಫೋಟೊ ಇಷ್ಟೊಂದು ಯಾಕೆ ಎಂದು ಆತನಿಗೆ ಅನ್ನಿಸಿದರೆ ಅದು ದುರುದ್ದೇಶವಲ್ಲ. ಆದರೆ ಆ ಅನಿಸಿಕೆಯಿಂದ ಹತ್ತು ಚಿತ್ರ ಅಳಿಸಿಹೋದರೆ ರಾಮಾಯಣದ ಹತ್ತು ಪ್ರಸಂಗ ಹೋದವು. ಬೇಲೂರಿನ ಮದನಿಕೆಯ ಹತ್ತು ಫೋಟೊ ಅಳಿಸಿದರೆ ಇನ್ನೂ ನೂರು ಉಳಿದಿರುತ್ತವೆ. ನಿಯಮ ಎರಡೂ ಕಡೆ ಒಂದೇ, ನಷ್ಟ ಮಾತ್ರ ಒಂದೇ ಅಲ್ಲ. ಮುಕ್ತವಲ್ಲದ್ದನ್ನು ತೆಗೆಯುವುದರ ಬಗ್ಗೆ ನನ್ನ ತಕರಾರಿಲ್ಲ. ಮುಕ್ತವಾಗಿರುವ ಚಿತ್ರವನ್ನು ಅನುಮಾನದ, ಅಚ್ಚುಕಟ್ಟಿನ ಅಥವಾ ಅನುಕೂಲದ ಹೆಸರಿನಲ್ಲಿ ತೆಗೆಯುವಾಗ ಆ ಊರಿಗೆ ಬೇರೆ ಚಿತ್ರ ಎಷ್ಟಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬುದು ನನ್ನ ವಾದ.

ಕಾಮನ್ಸ್ ಶುರುವಾದದ್ದು 2004ರ ಸೆಪ್ಟೆಂಬರ್ 7ರಂದು. 2023ರಲ್ಲಿ ಅದರಲ್ಲಿರುವ ಕಡತಗಳ ಸಂಖ್ಯೆ ಹತ್ತು ಕೋಟಿ ದಾಟಿತು. ಕನ್ನಡ ವಿಕಿಪೀಡಿಯದಲ್ಲಿ ಒಂದು ಊರಿನ ಲೇಖನ ತೆರೆದಾಗ ಕಾಣುವ ಫೋಟೊ ಸಾಮಾನ್ಯವಾಗಿ ಬರುವುದು ಅಲ್ಲಿಂದಲೇ. ತುಳು, ಇಂಗ್ಲಿಷ್, ಜರ್ಮನ್ ವಿಕಿಪೀಡಿಯಗಳಿಗೂ ಅದೇ ಕಣಜ. ಅಲ್ಲಿರುವ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು, ಪುಸ್ತಕದಲ್ಲಿ ಅಚ್ಚುಹಾಕಿ ಮಾರಲೂಬಹುದು. ಹೆಚ್ಚಿನ ಚಿತ್ರಗಳಿಗೆ ಇರುವ ಮುಖ್ಯ ಷರತ್ತು ತೆಗೆದವರ ಹೆಸರು ಹಾಕಬೇಕು, ಪರವಾನಗಿ ಯಾವುದೆಂದು ಹೇಳಬೇಕು ಎಂಬುದು. ಬೇರೊಬ್ಬರ ಚಿತ್ರವನ್ನು ಕದ್ದು ಹಾಕಿದ್ದು ಖಚಿತವಾದರೆ ಅದು ಕೂಡಲೇ ಹೋಗುತ್ತದೆ. ಅನುಮತಿಯ ದಾಖಲೆ ಇಲ್ಲವೆಂದು ಗುರುತು ಹಾಕಿದರೆ ಏಳು ದಿನ ಕಾಯುತ್ತಾರೆ. ಉಳಿದದ್ದು ಚರ್ಚೆಗೆ ಬರುತ್ತದೆ, ಕನಿಷ್ಠ ಏಳು ದಿನ ವಾದ ನಡೆದು ಒಬ್ಬ ನಿರ್ವಾಹಕರು ತೀರ್ಮಾನ ಹೇಳುತ್ತಾರೆ. ತೆಗೆದ ಕ್ಷಣದಿಂದ ಆ ಚಿತ್ರ ಎಲ್ಲ ಭಾಷೆಗಳ ಲೇಖನಗಳಿಂದಲೂ ಒಟ್ಟಿಗೇ ಮಾಯ. ಅದಿದ್ದ ಜಾಗವನ್ನು ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶ ಬಂದು ಒರೆಸಿಹಾಕುತ್ತದೆ. ನಿಜ ಹೇಳಬೇಕೆಂದರೆ ಚಿತ್ರ ಪೂರ್ತಿ ಸುಟ್ಟುಹೋಗುವುದಿಲ್ಲ, ನಿರ್ವಾಹಕರಿಗೆ ಕಾಣುವಂತೆ ಒಳಗೆಲ್ಲೋ ಇರುತ್ತದೆ, ಅರ್ಜಿ ಹಾಕಿ ಗೆದ್ದರೆ ಮರಳಿ ಬರುತ್ತದೆ. ಆದರೆ ಅರ್ಜಿ ಹಾಕಬೇಕು ಎಂದು ಗೊತ್ತಿರುವವರು ಕಡೂರು, ಬೀರೂರಿನಲ್ಲಿ ಎಷ್ಟು ಮಂದಿ?

ಕಟ್ಟುನಿಟ್ಟು ಯಾಕೆ ಬೇಕು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ, ಇಲ್ಲದಿದ್ದರೆ ವಾದ ಬರಿ ಗೊಣಗಾಟವಾಗುತ್ತದೆ. ಈ ಭಂಡಾರದ ಬೆಲೆ ಇರುವುದೇ ನಂಬಿಕೆಯಲ್ಲಿ. ಅಜ್ಜಂಪುರದ ಒಬ್ಬ ಮೇಷ್ಟ್ರು ಊರಿನ ಇತಿಹಾಸದ ಪುಸ್ತಕಕ್ಕೆ ಅಲ್ಲಿಂದ ಒಂದು ಫೋಟೊ ತೆಗೆದು ಅಚ್ಚುಹಾಕಿಸಿ, ಆಮೇಲೆ ಬೆಂಗಳೂರಿನ ಯಾವುದೋ ಫೋಟೊ ಏಜೆನ್ಸಿಯಿಂದ ವಕೀಲರ ನೋಟಿಸ್ ಬಂದರೆ ಅವರು ಆ ಕಡೆ ಇನ್ನೊಮ್ಮೆ ತಲೆಹಾಕುವುದಿಲ್ಲ. ಪರವಾನಗಿ ಎಂದು ಬರೆದಿರುವುದು ಸುಳ್ಳಾದರೆ ಪೆಟ್ಟು ಬೀಳುವುದು ಬಳಸಿದವರಿಗೆ. ಅದಕ್ಕೇ ಕಾಮನ್ಸ್ ‘ಲಾಭಕ್ಕೆ ಬಳಸುವಂತಿಲ್ಲ’ ಎಂಬ ಷರತ್ತಿನ ಚಿತ್ರಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಚಿತ್ರ ಮುಕ್ತವೇ ಎಂಬುದರಲ್ಲಿ ಗಟ್ಟಿಯಾದ ಸಂಶಯವಿದ್ದರೆ ತೆಗೆಯಬೇಕು ಎಂಬ ಮುನ್ನೆಚ್ಚರಿಕೆಯ ತತ್ವವನ್ನು ಇಟ್ಟುಕೊಂಡಿದೆ, ಮುಕ್ತವೆಂದು ತೋರಿಸುವ ಹೊಣೆಯನ್ನು ಚಿತ್ರ ಹಾಕಿದವರ ಮೇಲೇ ಹೊರಿಸಿದೆ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಚಿತ್ರವನ್ನೆಲ್ಲ ‘ನನ್ನದೇ ಕೃತಿ’ ಎಂದು ಹಾಕುವ ಚಾಳಿ ನಮ್ಮಲ್ಲಿ ಕಡಿಮೆಯೇನಿಲ್ಲ. ಸಿನಿಮಾ ಪೋಸ್ಟರ್, ಪತ್ರಿಕೆಯ ಕತ್ತರಿಕೆ, ಯಾರದೋ ಇನ್‌ಸ್ಟಾಗ್ರಾಂನ ಕಲ್ಲತ್ತಗಿರಿ ಜಲಪಾತ, ಎಲ್ಲವೂ ‘ನನ್ನದೇ’. ಇವನ್ನು ಅಳಿಸುವ ಸ್ವಯಂಸೇವಕರು ಸಂಬಳವಿಲ್ಲದೆ ಬೈಗುಳ ತಿನ್ನುತ್ತ ಮಾಡುವ ಕೆಲಸಕ್ಕೆ ಮೆಚ್ಚುಗೆ ಸಲ್ಲಬೇಕು.

ತೊಂದರೆ ಇರುವುದು ಅನುಮಾನ ಹುಟ್ಟುವ ಬಗೆಯಲ್ಲಿ. ಕ್ಯಾಮೆರಾದಿಂದ ನೇರ ಬಂದ ಫೋಟೊದ ಹೊಟ್ಟೆಯಲ್ಲಿ ಯಾವ ಕ್ಯಾಮೆರಾ, ಯಾವ ದಿನ, ಯಾವ ಲೆನ್ಸ್ ಎಂಬ ವಿವರ ಅಡಗಿರುತ್ತದೆ. ಕಾಮನ್ಸ್‌ನ ಪರಿಶೀಲಕರು ಮೊದಲು ನೋಡುವುದು ಅದನ್ನೇ. ಅಳತೆ ಚಿಕ್ಕದು, ಕ್ಯಾಮೆರಾದ ವಿವರ ಇಲ್ಲ, ಹಾಕಿದವರು ಹೊಸಬರು: ಈ ಮೂರೂ ಒಟ್ಟಾದರೆ ಎಲ್ಲಿಂದಲೋ ಎತ್ತಿದ್ದು ಎಂಬ ಸಂಶಯ ಬರುತ್ತದೆ. ಈಗ ನಮ್ಮ ಕಡೆ ಫೋಟೊ ಓಡಾಡುವ ದಾರಿ ನೋಡಿ. ಸಖರಾಯಪಟ್ಟಣದ ಅಯ್ಯನಕೆರೆ ಕೋಡಿ ಬಿದ್ದ ದಿನ ಒಬ್ಬರು ಮೊಬೈಲಿನಲ್ಲಿ ತೆಗೆದದ್ದು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ವಾಟ್ಸ್ಆ್ಯಪ್ ಅದನ್ನು ಕುಗ್ಗಿಸಿ, ಒಳಗಿನ ವಿವರವನ್ನೆಲ್ಲ ಕಿತ್ತುಹಾಕಿ ಕಳಿಸುತ್ತದೆ. ತೆಗೆದವರು ಹಳೆಯ ಫೋನ್ ಬದಲಿಸುತ್ತಾರೆ, ಮೂಲ ಚಿತ್ರ ಹೋಗುತ್ತದೆ, ಗುಂಪಿನಲ್ಲಿ ಉಳಿದ ಕುಗ್ಗಿದ ಪ್ರತಿಯನ್ನೇ ಮುಂದೊಂದು ದಿನ ಕಾಮನ್ಸ್‌ಗೆ ಹಾಕುತ್ತಾರೆ. ಫೇಸ್‌ಬುಕ್ಕಿನಿಂದ ಇಳಿಸಿಕೊಂಡದ್ದಾದರೆ ಇನ್ನೂ ಕಷ್ಟ: ಅದು ಚಿತ್ರದೊಳಗೆ ‘ಎಫ್‌ಬಿಎಂಡಿ’ ಎಂದು ಶುರುವಾಗುವ ಗುರುತೊಂದನ್ನು ಸೇರಿಸಿರುತ್ತದೆ, ಪರಿಶೀಲಕರಿಗೆ ಆ ನಾಲ್ಕಕ್ಷರವೇ ಸಾಕು. ತನ್ನದೇ ಚಿತ್ರವನ್ನು ತನ್ನದೇ ಖಾತೆಯಿಂದ ಇಳಿಸಿಕೊಂಡವನೂ ಕಳ್ಳನಂತೆ ಕಾಣುತ್ತಾನೆ. ಆಮೇಲೆ ಆತನ ಚರ್ಚಾಪುಟದಲ್ಲಿ ನೋಟಿಸ್ ಬೀಳುತ್ತದೆ. ಆತ ಆ ಪುಟ ತೆರೆದೇ ಇರುವುದಿಲ್ಲ. ತೆರೆದರೂ ವಾದ ನಡೆಯುವುದು ಬಹುಪಾಲು ಇಂಗ್ಲಿಷಿನಲ್ಲಿ, ಅದೂ ನಿಯಮಗಳ ಸಂಕೇತಾಕ್ಷರಗಳು ತುಂಬಿದ ಇಂಗ್ಲಿಷಿನಲ್ಲಿ. ಏಳು ದಿನ ಮುಗಿಯುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ನಿಯಮ ಮೀರಲಿಲ್ಲ, ಮುಕ್ತವಾಗಿದ್ದ ಚಿತ್ರವೊಂದು ಹೋಯಿತು.

ಹಳೆಯ ಫೋಟೊಗಳ ಪಾಡು ಇದಕ್ಕಿಂತ ಸಿಕ್ಕು. ತರೀಕೆರೆಗೂ ನರಸಿಂಹರಾಜಪುರಕ್ಕೂ ನಡುವೆ ಒಂದು ಕಾಲಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಅದರ ಫೋಟೊ ಯಾರದ್ದಾದರೂ ಮನೆಯ ಟ್ರಂಕಿನಲ್ಲಿ ಸಿಕ್ಕಿದರೆ, ಮೊಮ್ಮಗ ಅದನ್ನು ಸ್ಕ್ಯಾನ್ ಮಾಡಿ ‘ನನ್ನದೇ ಕೃತಿ, 2024’ ಎಂದು ತುಂಬಿ ಹಾಕುತ್ತಾನೆ, ಯಾಕೆಂದರೆ ಅರ್ಜಿಯಲ್ಲಿ ಎದ್ದು ಕಾಣುವ ಆಯ್ಕೆ ಅದೊಂದೇ. ಕಪ್ಪುಬಿಳುಪು ಉಗಿಬಂಡಿಯ ಚಿತ್ರವನ್ನು 2024ರಲ್ಲಿ ತೆಗೆದೆ ಎಂದರೆ ಯಾರು ನಂಬುತ್ತಾರೆ? ಅಳಿಸುತ್ತಾರೆ. ಆದರೆ ನಮ್ಮ ಕಾನೂನಿನ ಪ್ರಕಾರ ಆ ಚಿತ್ರ ಯಾರ ಸ್ವತ್ತೂ ಅಲ್ಲದೆ ಎಲ್ಲರದ್ದೂ ಆಗಿರುವ ಸಾಧ್ಯತೆಯೇ ಹೆಚ್ಚು. 1957ರ ಹಕ್ಕುಸ್ವಾಮ್ಯ ಕಾಯ್ದೆ ಜಾರಿಗೆ ಬಂದದ್ದು 1958ರಲ್ಲಿ. ಅದಕ್ಕೂ ಹಿಂದೆ ತೆಗೆದ ಫೋಟೊಗೆ ತೆಗೆದಂದಿನಿಂದ 50 ವರ್ಷವಷ್ಟೇ ಹಕ್ಕು ಎಂಬ ಹಳೆಯ ನಿಯಮವನ್ನು ಕಾಮನ್ಸ್ ಕೂಡ ಒಪ್ಪುತ್ತದೆ. ಅಮೆರಿಕದ ಕಾನೂನನ್ನೂ ನೋಡಬೇಕಾಗುವುದರಿಂದ 1946ಕ್ಕೂ ಹಿಂದಿನದಾದರೆ ದಾರಿ ಇನ್ನೂ ಸಲೀಸು. ಸರಿಯಾದ ದಿನಾಂಕ, ಸರಿಯಾದ ಪರವಾನಗಿಯ ಚೀಟಿ ಹಾಕಿದ್ದರೆ ಆ ಚಿತ್ರ ಉಳಿಯುತ್ತಿತ್ತು. ತಪ್ಪಿದ್ದು ಅರ್ಜಿಯಲ್ಲಿ, ಚಿತ್ರದಲ್ಲಲ್ಲ. ಚೀಟಿ ಬದಲಿಸುವುದರಲ್ಲಿ ಮುಗಿಯುವ ಕೆಲಸಕ್ಕೆ ಚಿತ್ರವನ್ನೇ ತೆಗೆಯುವುದು ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ.

ಇದರಲ್ಲೇ ಇನ್ನೊಂದು ಎಳೆಯಿದೆ, ಹೊರದೇಶದ ಪರಿಶೀಲಕರಿಗೆ ಸುಲಭವಾಗಿ ಹೊಳೆಯದ್ದು. ಸ್ಟುಡಿಯೊ ಫೋಟೊ ಎಂದರೆ ಹಕ್ಕು ಫೋಟೊಗ್ರಾಫರನದು, ಆತನ ಅನುಮತಿ ಪತ್ರ ತನ್ನಿ ಎಂದು ಅವರು ಕೇಳುತ್ತಾರೆ. ಅಮೆರಿಕದ ಮಟ್ಟಿಗೆ ಸಾಮಾನ್ಯವಾಗಿ ಅದು ಸರಿ. ಭಾರತದ ಕಾಯ್ದೆಯ 17ನೇ ಸೆಕ್ಷನ್ ಬೇರೆ ಮಾತು ಹೇಳುತ್ತದೆ: ದುಡ್ಡು ಕೊಟ್ಟು ಫೋಟೊ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಹಕ್ಕುದಾರ ತೆಗೆಸಿಕೊಂಡವನೇ. ಬೀರೂರಿನ ಸ್ಟುಡಿಯೊದವರನ್ನು ಊರಿಗೆ ಕರೆಸಿ, ದುಡ್ಡು ಕೊಟ್ಟು ತೆಗೆಸಿದ ರಥೋತ್ಸವದ ಚಿತ್ರಕ್ಕೆ ಅನುಮತಿ ಕೊಡಬೇಕಾದವರು ಕರೆಸಿದವರು, ಅವರಿಲ್ಲದಿದ್ದರೆ ಅವರ ವಾರಸುದಾರರು. ಎಂದೋ ಮುಚ್ಚಿದ ಸ್ಟುಡಿಯೊವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಳಿಸುವ ಚರ್ಚೆಯಲ್ಲಿ ಇದನ್ನು ಎತ್ತಿ ಹೇಳುವ ಕನ್ನಡಿಗರೊಬ್ಬರು ಇದ್ದರೆ ಎಷ್ಟೋ ಚಿತ್ರಗಳು ಉಳಿಯುತ್ತವೆ. ಇಲ್ಲದಿರುವುದು ಕಾಮನ್ಸ್‌ನ ತಪ್ಪೆಷ್ಟೋ ನಮ್ಮ ತಪ್ಪೂ ಅಷ್ಟೇ.

ಕೆಲವು ಕಡೆ ದೂರಬೇಕಾದದ್ದು ಭಂಡಾರವನ್ನಲ್ಲ, ನಮ್ಮದೇ ಕಾನೂನನ್ನು. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪವನ್ನು, ಯಾವುದೇ ಕಟ್ಟಡವನ್ನು ಫೋಟೊ ತೆಗೆದು ಪ್ರಕಟಿಸಲು 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದ್ದರಿಂದ ಕಡೂರಿನ ವೃತ್ತದ ಪ್ರತಿಮೆ, ತರೀಕೆರೆಯ ಬಸ್ ನಿಲ್ದಾಣ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಫೋಟೊ ನಿರಾತಂಕ. ಆದರೆ ಆ ರಿಯಾಯಿತಿ ಗೋಡೆಯ ಮೇಲೆ ಬರೆದ ಚಿತ್ರಕ್ಕೆ ಇಲ್ಲ. ಸರ್ಕಾರಿ ಶಾಲೆಯ ಕಾಂಪೌಂಡಿನ ಮೇಲೆ ಬಳಿದ ರೈಲುಬಂಡಿ, ಜಾತ್ರೆಗೆ ಬರೆಸಿದ ದೇವರ ಚಿತ್ರ, ಊರಿನ ಇತಿಹಾಸ ಹೇಳುವ ಮಾಹಿತಿ ಫಲಕ, ಇವುಗಳ ಹತ್ತಿರದ ಫೋಟೊ ಕಾನೂನಿನ ಕಣ್ಣಿನಲ್ಲಿ ಇನ್ನೊಬ್ಬರ ಕೃತಿಯ ನಕಲು. ತಮಾಷೆಯೆಂದರೆ ಎಂಟುನೂರು ವರ್ಷದ ಶಾಸನದ ಫೋಟೊಗೆ ಅಡ್ಡಿಯಿಲ್ಲ, ಅದರ ಪಕ್ಕದಲ್ಲಿ ಇಲಾಖೆ ನೆಟ್ಟ, ಶಾಸನದಲ್ಲಿ ಏನಿದೆ ಎಂದು ಹೇಳುವ ಫಲಕದ ಫೋಟೊಗೆ ಅಡ್ಡಿ; ಸರ್ಕಾರದ ಬರಹಕ್ಕೂ ಪ್ರಕಟವಾದಂದಿನಿಂದ 60 ವರ್ಷದ ಹಕ್ಕಿದೆ. ಗೋಡೆಯ ಚಿತ್ರ ಬರೆದ ಕಲಾವಿದರು 2010ರಲ್ಲಿ ತೀರಿಕೊಂಡಿದ್ದರೆ ಅದರ ಫೋಟೊ ಮುಕ್ತವಾಗುವುದು 2071ಕ್ಕೆ. ಕಾಮನ್ಸ್ ಇಂಥವನ್ನು ಅಳಿಸುವಾಗ ಯಾವ ವರ್ಷ ಮರಳಿ ತರಬೇಕು ಎಂದು ಬರೆದಿಟ್ಟುಕೊಳ್ಳುವ ಪದ್ಧತಿ ಇಟ್ಟುಕೊಂಡಿದೆ, ಅದು ಮೆಚ್ಚಬೇಕಾದ ಶಿಸ್ತು. ಬ್ರಸೆಲ್ಸ್ ನಗರದ ಆಟೋಮಿಯಂ ಕಟ್ಟಡದ ಫೋಟೊಗಳು ಹೀಗೆಯೇ ವರ್ಷಗಟ್ಟಲೆ ಹೊರಗಿದ್ದವು. 2016ರಲ್ಲಿ ಬೆಲ್ಜಿಯಂ ಕಾನೂನು ತಿದ್ದಿದ ಮೇಲೆ ಒಳಗೆ ಬಂದವು. ನಮ್ಮ ಸಂಸತ್ತು 52ನೇ ಸೆಕ್ಷನ್‌ಗೆ ಗೋಡೆಚಿತ್ರವನ್ನೂ ಸಾರ್ವಜನಿಕ ಫಲಕವನ್ನೂ ಸೇರಿಸಿದರೆ ಒಬ್ಬ ಕಲಾವಿದನ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. 2012ರಲ್ಲಿ ಕಾಯ್ದೆಯನ್ನು ದೊಡ್ಡದಾಗಿ ತಿದ್ದಿದಾಗ ಈ ಸಣ್ಣ ತೂತು ಹಾಗೇ ಉಳಿಯಿತು.

ಇನ್ನು ‘ಉಪಯೋಗವಿಲ್ಲ’, ‘ಗುಣಮಟ್ಟ ಸಾಲದು’, ‘ಇಂಥದ್ದು ಇದೆ’ ಎಂಬ ಕಾರಣಗಳು. ಕಾಮನ್ಸ್‌ನಲ್ಲಿರಲು ಚಿತ್ರ ಮುಕ್ತವಾಗಿದ್ದರೆ ಸಾಲದು, ಕಲಿಕೆಗೆ ಒದಗುವಂತಿರಬೇಕು. ಸರಿಯಾದ ನಿಯಮ, ಇಲ್ಲದಿದ್ದರೆ ಎಲ್ಲರ ಸೆಲ್ಫಿ, ಎಲ್ಲರ ಹುಟ್ಟುಹಬ್ಬದ ಫ್ಲೆಕ್ಸ್ ಬಂದು ಬೀಳುತ್ತವೆ. ಆದರೆ ಒದಗುತ್ತದೆಯೋ ಇಲ್ಲವೋ ಎಂದು ಹೇಳಲು ಆ ವಸ್ತುವಿನ ಪರಿಚಯ ಬೇಕಲ್ಲ. ಒಂದು ಬಯಲು, ನಾಲ್ಕು ಜಾಲಿಗಿಡ, ದೂರದಲ್ಲಿ ಬೂದುಬಣ್ಣದ ದನಗಳ ಹಿಂಡು. ಸ್ವಲ್ಪ ಮಬ್ಬಾಗಿದೆ. ಪರಕೀಯರಿಗೆ ಅದು ಯಾವುದೋ ದನ ಮೇಯುವ ಚಿತ್ರ. ಬಲ್ಲವರಿಗೆ ಅದು ಅಮೃತಮಹಲ್ ದನಗಳ ಕಾವಲು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಹೈದರ್, ಟಿಪ್ಪುವಿನ ಸೈನ್ಯದ ಬಂಡಿಗಳವರೆಗೆ ಎಳೆದ ತಳಿ ಅದು, ಇಂದು ಆ ತಳಿಯನ್ನು ಕಾಪಾಡಿಕೊಂಡು ಬಂದಿರುವ ಸರ್ಕಾರಿ ಕೇಂದ್ರ ಇರುವುದು ಅಜ್ಜಂಪುರದಲ್ಲಿ. ಕಾವಲಿನ ಜಮೀನು ಕರಗುತ್ತ ಬಂದಿದೆ. ಯಾವ ವರ್ಷ ಯಾವ ಕಾವಲು ಹೇಗಿತ್ತು ಎಂದು ಹೇಳುವ ಮಬ್ಬು ಫೋಟೊ ಕೂಡ ದಾಖಲೆಯೇ. ಹಾಗೆಯೇ ಮದಗದ ಕೆರೆ ತುಂಬಿದ ಚಿತ್ರವೊಂದು ಇದೆ ಎಂದು ಅದೇ ಕೆರೆ ಬತ್ತಿ ನೆಲ ಬಿರಿದ ಚಿತ್ರವನ್ನು ‘ಇಂಥದ್ದು ಇದೆ’ ಎನ್ನಲಾಗದು. ವೇದಾವತಿಯ ನೀರಿನ ಕಥೆ ಹೇಳಲು ಎರಡೂ ಬೇಕು. ‘ಬೇಕಿದ್ದರೆ ಹೊಸದಾಗಿ ತೆಗೆದು ಹಾಕಿ’ ಎಂಬುದು ಬಾಯಿಮಾತಿಗೆ ಸುಲಭ. ಕಟ್ಟಡಕ್ಕೆ ಅದು ಸಲ್ಲಬಹುದು. ಬತ್ತಿದ ವರ್ಷಕ್ಕೆ, ಕೆಡವಿದ ಸಂತೆಮಾಳಕ್ಕೆ, ಇಂದಿಲ್ಲದ ಹಿಂಡಿಗೆ ಸಲ್ಲುವುದಿಲ್ಲ.

ಚಿತ್ರಗಳು ಸುಮ್ಮನೆ ಇದ್ದಲ್ಲೇ ಉಳಿಯುತ್ತವೆ ಎಂದು ನಂಬಿದವರಿಗೆ ಪನೊರಾಮಿಯೊ ನೆನಪಿರಲಿ. 2005ರಲ್ಲಿ ಹುಟ್ಟಿ, 2007ರಲ್ಲಿ ಗೂಗಲ್ ಪಾಲಾದ ಆ ತಾಣದಲ್ಲಿ ಭೂಪಟದ ಮೇಲೆ ಚುಕ್ಕಿ ಒತ್ತಿದರೆ ಆ ಊರಿನ ಫೋಟೊ ಬರುತ್ತಿತ್ತು. ಹೆಸರೇ ಕೇಳದ ಹಳ್ಳಿಗಳ ಕೆರೆ, ಗುಡಿ, ರೈಲು ನಿಲ್ದಾಣಗಳಿಗೆ ಜಾಗ ಸಿಕ್ಕಿದ್ದು ಅಲ್ಲಿ. 2016ರ ನವೆಂಬರಿನಲ್ಲಿ ಗೂಗಲ್ ಅದರ ಬಾಗಿಲು ಹಾಕಿತು. ಮುಕ್ತ ಪರವಾನಗಿ ಇದ್ದ ಚಿತ್ರಗಳಲ್ಲಿ ದೊಡ್ಡ ಪಾಲನ್ನು ಕಾಮನ್ಸ್‌ನ ಸ್ವಯಂಸೇವಕರು ಹೊತ್ತು ತಂದರು. ಮಿಕ್ಕವಕ್ಕೆ ಆ ದಾರಿ ಇರಲಿಲ್ಲ. 2018ರ ಕೊನೆಯಲ್ಲಿ ಫ್ಲಿಕರ್ ಕೂಡ ಪುಕ್ಕಟೆ ಖಾತೆಗೆ ಸಾವಿರ ಚಿತ್ರದ ಮಿತಿ ಹಾಕಿ ಮೇಲಿನದನ್ನು ಅಳಿಸುವುದಾಗಿ ಹೇಳಿತು. ಗಲಾಟೆಯಾದ ಮೇಲೆ ಮುಕ್ತ ಪರವಾನಗಿಯ ಚಿತ್ರಗಳನ್ನು ಮಾತ್ರ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿತು. ಲಾಭಕ್ಕೆ ನಡೆಯುವ ಕಂಪನಿ ಮುಕ್ತ ಚಿತ್ರಕ್ಕೆ ಆ ಮಟ್ಟಿನ ರಿಯಾಯಿತಿ ತೋರಿರುವಾಗ, ಮುಕ್ತ ಚಿತ್ರಕ್ಕೆಂದೇ ಹುಟ್ಟಿದ ಭಂಡಾರದಿಂದ ಅದಕ್ಕಿಂತ ಹೆಚ್ಚಿನದನ್ನು ಕೇಳುವುದು ಅತಿಯಾಸೆಯಲ್ಲ.

ಕೊಟ್ಟವರೇ ವಾಪಸ್ ಕೇಳಿದರೆ? ಇದು ಸ್ವಲ್ಪ ನಾಜೂಕಿನ ವಿಷಯ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹಾಕಿದ ಏಳು ದಿನದೊಳಗೆ, ಚಿತ್ರ ಎಲ್ಲೂ ಬಳಕೆಯಾಗದಿದ್ದರೆ, ಕೇಳಿದ ಕೂಡಲೇ ಅಳಿಸುವ ಸೌಜನ್ಯವನ್ನು ಕಾಮನ್ಸ್ ತೋರಿಸುತ್ತದೆ. ಆಮೇಲೆ ಚರ್ಚೆಗೆ ಬಿಟ್ಟದ್ದು. ಹವ್ಯಾಸಕ್ಕೆ ತೆಗೆಯುತ್ತಿದ್ದವರು ಮುಂದೆ ವೃತ್ತಿಯಾಗಿ ಹಿಡಿದಾಗ, ಕೆಮ್ಮಣ್ಣುಗುಂಡಿಯ ತಮ್ಮ ಚಿತ್ರ ರೆಸಾರ್ಟೊಂದರ ಜಾಹೀರಾತಿನಲ್ಲಿ ಕಂಡಾಗ, ಹೊಟ್ಟೆ ಉರಿಯುವುದು ಸಹಜ. ಆದರೂ ನನ್ನ ಮಟ್ಟಿಗೆ ಉತ್ತರ ‘ಇಲ್ಲ’ ಎಂದೇ. ಆ ಚಿತ್ರವನ್ನು ನಂಬಿ ಅಷ್ಟರಲ್ಲಿ ಯಾರೋ ಪುಸ್ತಕ ಅಚ್ಚುಹಾಕಿರುತ್ತಾರೆ, ಮಕ್ಕಳ ಯೋಜನೆಗೆ ಅಂಟಿಸಿರುತ್ತಾರೆ. ಮೂಲ ಅಳಿಸಿಬಿಟ್ಟರೆ ಪರವಾನಗಿ ಇತ್ತು ಎಂಬುದಕ್ಕೆ ಅವರ ಕೈಯಲ್ಲಿ ಸಾಕ್ಷಿಯೇ ಉಳಿಯುವುದಿಲ್ಲ. ಜಾಹೀರಾತಿನವರು ಹೆಸರು ಹಾಕದಿದ್ದರೆ ಅದು ಪರವಾನಗಿಯ ಉಲ್ಲಂಘನೆ, ಕೇಳುವ ಹಕ್ಕು ಛಾಯಾಗ್ರಾಹಕರಿಗೆ ಇದ್ದೇ ಇದೆ.

ಒಂದು ಕಡೆ ಮಾತ್ರ ನಾನು ಅಳಿಸುವವರ ಪಕ್ಷ, ಪರವಾನಗಿ ಎಷ್ಟೇ ಶುದ್ಧವಾಗಿರಲಿ. ಮನುಷ್ಯರ ಮುಖ. ಜಾತ್ರೆಯಲ್ಲಿ ಹರಕೆ ತೀರಿಸುತ್ತಿರುವ ಹೆಂಗಸು, ಆಸ್ಪತ್ರೆಯ ಜಗಲಿಯಲ್ಲಿ ಮಲಗಿದ ಮುದುಕ, ಶಾಲೆಯ ಮಗು: ಇವರು ಯಾವ ಪರವಾನಗಿಗೂ ಸಹಿ ಹಾಕಿದವರಲ್ಲ. ಕ್ಯಾಮೆರಾ ಹಿಡಿದವರ ಹಕ್ಕಿಗೂ ಅದರ ಎದುರು ನಿಂತವರ ಹಕ್ಕಿಗೂ ಸಂಬಂಧವಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ ತೀರ್ಪು ಹೊತ್ತಿರುವುದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರನ್ನು. ಇಂಥ ಚಿತ್ರ ತೆಗೆಯಿರಿ ಎಂದು ಚಿತ್ರದಲ್ಲಿರುವವರು ಕೇಳಿದರೆ ಅದು ಆ ಊರಿನ ಏಕೈಕ ಚಿತ್ರವಾದರೂ ತೆಗೆಯಬೇಕು. ಅಪರೂಪದ್ದು ಎಂಬ ವಾದ ಇಲ್ಲಿ ನಡೆಯಬಾರದು.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು: ನಿಯಮವೆಂದರೆ ಎಲ್ಲರಿಗೂ ಒಂದೇ ಇರಬೇಕು, ಪ್ಯಾರಿಸ್ಸಿಗೊಂದು ಕಡೂರಿಗೊಂದು ಮಾಡಲಾಗದು, ಹಾಗೆ ಮಾಡಿದರೆ ‘ನಮ್ಮದು ಚಿಕ್ಕ ಊರು’ ಎಂದು ಕದ್ದ ಚಿತ್ರವನ್ನೂ ತುರುಕುತ್ತಾರೆ. ಹಕ್ಕುಸ್ವಾಮ್ಯದ ಮಟ್ಟಿಗೆ ಇದನ್ನು ಪೂರ್ತಿ ಒಪ್ಪುತ್ತೇನೆ. ಕದ್ದದ್ದು ಎಲ್ಲಿದ್ದರೂ ಕದ್ದದ್ದೇ. ಆದರೆ ಉಪಯೋಗ, ಗುಣಮಟ್ಟ, ನಕಲು ಎಂಬ ಅಳತೆಗಳು ಮೊದಲಿನಿಂದಲೂ ಹೋಲಿಕೆಯ ಅಳತೆಗಳು. ‘ಇದಕ್ಕಿಂತ ಒಳ್ಳೆಯದು ಇದೆಯೇ’ ಎಂಬ ಪ್ರಶ್ನೆಗೆ ಪ್ಯಾರಿಸ್ಸಿನಲ್ಲಿ ಒಂದು ಉತ್ತರ, ಅಜ್ಜಂಪುರದಲ್ಲಿ ಇನ್ನೊಂದು ಉತ್ತರ ಬರುವುದು ಪಕ್ಷಪಾತವಲ್ಲ, ಅದೇ ನಿಯಮದ ಸರಿಯಾದ ಪಾಲನೆ. ಅನುಮಾನದ ವಿಷಯದಲ್ಲಿ ಕೇಳುತ್ತಿರುವುದು ಕಾಲಾವಕಾಶ: ಹೊಸಬರ ಚಿತ್ರವಾದರೆ ಏಳರ ಬದಲು ಮೂವತ್ತು ದಿನ, ನೋಟಿಸಿನ ಮೊದಲ ಸಾಲು ಅವರ ಭಾಷೆಯಲ್ಲಿ, ಅವರು ಕನ್ನಡದಲ್ಲಿ ಕೊಟ್ಟ ಉತ್ತರವನ್ನು ಓದಿ ಹೇಳುವ ಒಬ್ಬರು. ಕೆಲಸ ಹೆಚ್ಚಾಗುತ್ತದೆ, ಸ್ವಯಂಸೇವಕರು ಕಡಿಮೆ ಎನ್ನುತ್ತಾರೆ. ಅದೂ ನಿಜ. ಆದರೆ ಆ ಕೆಲಸ ಹೊರಬೇಕಾದವರು ಹೊರಗಿನವರಲ್ಲ. ಕನ್ನಡ ವಿಕಿಪೀಡಿಯ ಶುರುವಾಗಿ ಎರಡು ದಶಕ ದಾಟಿದೆ. ಲೇಖನ ಬರೆಯುವ ಶಿಬಿರಗಳು ನಡೆದಷ್ಟು ಚಿತ್ರ ಉಳಿಸಿಕೊಳ್ಳುವ ಶಿಬಿರಗಳು ನಡೆದಿಲ್ಲ. ಜಾಗದ ಖರ್ಚಿನ ಮಾತಂತೂ ನಿಲ್ಲುವುದೇ ಇಲ್ಲ, ಅಳಿಸಿದ ಚಿತ್ರವೂ ಒಳಗೇ ಇರುತ್ತದೆ ಎಂದ ಮೇಲೆ ಉಳಿತಾಯ ಎಲ್ಲಿಂದ ಬಂತು?

ಚಿತ್ರಗಳ ಬಡತನ ನಮ್ಮಲ್ಲಿರುವಷ್ಟು ಇರಬೇಕಾಗಿಯೂ ಇಲ್ಲ. ಬಿ.ಎಲ್. ರೈಸ್ 1901ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ ಪೂರ್ತಿ ಈ ಊರುಗಳಿರುವ ಚಿಕ್ಕಮಗಳೂರು ಜಿಲ್ಲೆಯದ್ದೇ. ಆಗ ಇಡೀ ಜಿಲ್ಲೆಗೆ ಕಡೂರಿನ ಹೆಸರಿತ್ತು. ಪಾಂಬಬ್ಬೆ ಎಂಬ ಜೈನ ಸಾಧ್ವಿಯ ತಪಸ್ಸನ್ನು ಹೇಳುವ ಕಡೂರಿನ 971ರ ಶಾಸನ ಅದರಲ್ಲಿದೆ. ರೈಸ್ ತೀರಿಕೊಂಡದ್ದು 1927ರಲ್ಲಿ, ಆ ಪುಸ್ತಕದ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಅದರ ಹಾಳೆಗಳನ್ನು ಒಂದೊಂದಾಗಿ, ಸರಿಯಾದ ವಿವರದೊಂದಿಗೆ ಹಾಕಿದರೆ ಯಾರೂ ಅಳಿಸಲಾರರು. (‘ಕಡೂರು’ ಎಂದು ಬರೆದ ಹಳೆಯ ಚಿತ್ರ ಶೃಂಗೇರಿಯದ್ದೂ ಆಗಿರಬಹುದು ಎಂಬ ಎಚ್ಚರ ಮಾತ್ರ ಬೇಕು.) ಹೆಚ್ಚಿನ ಹೊಣೆ ಇರುವುದು ಸರ್ಕಾರದ ಮೇಲೆ. ನಿ‌ರಂಜನರ 55 ಪುಸ್ತಕಗಳನ್ನು ಅವರ ಕುಟುಂಬ 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿತು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ ಅದೇ ವರ್ಷ ಆ ದಾರಿ ಹಿಡಿಯಿತು. ಕೇಂದ್ರ ಸರ್ಕಾರ 2017ರಲ್ಲಿ ತನ್ನ ಮುಕ್ತ ದತ್ತಾಂಶ ಪರವಾನಗಿಯನ್ನು ಪ್ರಕಟಿಸಿದ ಮೇಲೆ ಅದರ ವಾರ್ತಾ ಸಂಸ್ಥೆಯ ಫೋಟೊಗಳು ಕಾಮನ್ಸ್‌ಗೆ ಬರತೊಡಗಿದವು. ರಾಜ್ಯದ ವಾರ್ತಾ ಇಲಾಖೆ, ಗೆಜೆಟಿಯರ್ ಇಲಾಖೆ, ಪುರಾತತ್ವ ಇಲಾಖೆಗಳ ಫೋಟೊಗಳು ಜನರ ತೆರಿಗೆಯಲ್ಲಿ ತೆಗೆದವು. ಅವು ಮುಕ್ತ ಎಂದು ಹೇಳಲು ಸಂಸತ್ತಿಗೆ ಹೋಗಬೇಕಾಗಿಲ್ಲ. ಹಕ್ಕುದಾರರು ಸಾರ್ವಜನಿಕ ಪ್ರಕಟಣೆಯ ಮೂಲಕವೇ ತಮ್ಮ ಹಕ್ಕು ಬಿಟ್ಟುಕೊಡಬಹುದು ಎಂಬ ದಾರಿಯನ್ನು ಕಾಯ್ದೆಯ 21ನೇ ಸೆಕ್ಷನ್ 2012ರ ತಿದ್ದುಪಡಿಯಲ್ಲಿ ತೆರೆದಿದೆ.

ಅಲ್ಲಿಯವರೆಗೆ ಚಿತ್ರ ಹಾಕುವವರು ಕೆಲವು ರೂಢಿ ಮಾಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ವಾಟ್ಸ್ಆ್ಯಪ್ ಪ್ರತಿ ಬೇಡ, ಫೋನಿನ ಮೂಲ ಚಿತ್ರವನ್ನೇ ಹಾಕಿ. ಇನ್ನೊಬ್ಬರು ತೆಗೆದದ್ದಾದರೆ ಅವರಿಂದಲೇ ಕಾಮನ್ಸ್‌ನ ಅನುಮತಿ ತಂಡಕ್ಕೆ ಮೇಲ್ ಮಾಡಿಸಿ. ಹಳೆಯದಾದರೆ ‘ನನ್ನದು’ ಎನ್ನಬೇಡಿ, ಯಾರ ಮನೆಯ ಆಲ್ಬಂ, ಸುಮಾರು ಯಾವ ಇಸವಿ, ತೆಗೆಸಿದವರು ಯಾರು ಎಂದು ಬರೆಯಿರಿ. ಎಲ್ಲಕ್ಕಿಂತ ಮುಖ್ಯ, ವಿವರಣೆಯನ್ನು ಜಿಪುಣತನವಿಲ್ಲದೆ ಕನ್ನಡದಲ್ಲಿ ಬರೆಯಿರಿ. ‘ದೇವಸ್ಥಾನ 17’ ಎಂಬ ಹೆಸರಿನ ಚಿತ್ರವನ್ನು ನಕಲೆಂದು ತೆಗೆದವರನ್ನು ದೂರುವುದು ಕಷ್ಟ. ‘ಅಮೃತೇಶ್ವರ ದೇವಾಲಯ, ದಕ್ಷಿಣ ಗೋಡೆ, ರಾಮಾಯಣದ ಹದಿನೇಳನೆಯ ಫಲಕ’ ಎಂದಿದ್ದರೆ ಅದನ್ನು ತೆಗೆಯಲು ಹೊರಟವರು ಹದಿನಾರಕ್ಕೂ ಹದಿನೆಂಟಕ್ಕೂ ಇರುವ ವ್ಯತ್ಯಾಸವನ್ನು ಮೊದಲು ನೋಡಬೇಕಾಗುತ್ತದೆ.